ತಾಯಕ್ಕನ ಮುಖ

ಮೊನ್ನೆ ಕೊಣನೂರಿನಿಂದ ರಾಮನಾಥಪುರಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಬೆಳಗಿನಿಂದ ಸೋನೆ ಹಿಡಿದಿತ್ತು. ಎಲ್ಲರೂ ಗಾಜು ಎಳೆದುಕೊಂಡು ಬೆಚ್ಚಗಿದ್ದರು, ನನ್ನ ಪಾಲಿನ ಗಾಜು ಮಾತ್ರ ಅರ್ಧಕ್ಕೆ ಕಚ್ಚಿಕೊಂಡು ಅಲುಗಾಡಲೊಲ್ಲದು. ತೋಳು ನೆನೆಯುತ್ತಿದೆಯಲ್ಲ ಎಂದು ಬೈದುಕೊಳ್ಳುತ್ತಿರುವಾಗಲೇ ಬ್ಯಾರನ್ನಿನ ವಾಸನೆ ಒಳಗೆ ನುಗ್ಗಿತು. ನಮ್ಮ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಎತ್ತರದ ಕಟ್ಟಡದೊಳಗೆ ಸಾಲಾಗಿ ತೂಗುಹಾಕಿ, ಸೌದೆ ಉರಿಸಿ ಹದವಾಗಿ ಬೇಯಿಸುತ್ತಾರೆ. ಆ ಕಟ್ಟಡವೇ ಬ್ಯಾರನ್ನು. ಸೊಪ್ಪು ಹಸಿರಿನಿಂದ ಹಳದಿಗೆ ತಿರುಗುವ ಹೊತ್ತಿನ ಆ ಸಿಹಿಘಾಟು ಜುಲೈನಿಂದ ಸೆಪ್ಟೆಂಬರಿನವರೆಗೆ ಈ ರಸ್ತೆಯ ಉದ್ದಕ್ಕೂ ಇರುತ್ತದೆ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನನಗೆ ಕಿವಿ ಬಿಸಿಯಾಯಿತು. ಒಂದು ಮಳೆಗಾಲದ ನನ್ನ ಮೈಗಳ್ಳತನ, ಅದರಿಂದ ಆದದ್ದು, ಎಲ್ಲ ಒಟ್ಟಿಗೆ ನೆನಪಾಗಿ ಕೂತ ಸೀಟಿನಲ್ಲೇ ಕುಗ್ಗಿದೆ.

ನಾನು ಕೊಣನೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಅರಕಲಗೂಡಿನಲ್ಲಿ. ಆ ವರ್ಷ ಜೂನಿನಲ್ಲಿ ಎಂಟನೇ ತರಗತಿಗೆ ಹೃದಯದ ಪಾಠ ಮಾಡುತ್ತ ಬೋರ್ಡಿನ ಮೇಲೆ ಹೃದಯ ಬರೆದೆ. ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, "ಸಾ, ಬದ್ನೆಕಾಯಿ ಸಾ" ಅಂದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೆ ಆಮೇಲೆ ಒಬ್ಬನೇ ನಿಂತು ಬೋರ್ಡು ಒರೆಸುವಾಗ ನೋಡಿದರೆ ಅದು ನಿಜಕ್ಕೂ ಬದನೆಕಾಯಿಯೇ. ತೊಟ್ಟು ಸಮೇತ ಇತ್ತು. ಇಷ್ಟು ವರ್ಷ ಪಾಠ ಮಾಡಿ ಒಂದು ನೆಟ್ಟಗಿನ ಚಿತ್ರ ಬರೆಯಲು ಬರುವುದಿಲ್ಲವಲ್ಲ ಎಂದು ಅವಮಾನವಾಗಿ, ಆ ವಾರವೇ ಚಿತ್ರ ಕಲಿಯುವುದೆಂದು ತೀರ್ಮಾನ ಮಾಡಿದೆ. ತೀರ್ಮಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಹೊಳೆನರಸೀಪುರದಲ್ಲಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಭಾನುವಾರ ತಮ್ಮ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದ ಮಕ್ಕಳು. ಅವರ ನಡುವೆ ನಾನೊಬ್ಬ ನರೆತ ಮೀಸೆಯವನು ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ಮೇಷ್ಟ್ರು ಒಳಗಿನಿಂದ ಒಂದು ಹಿತ್ತಾಳೆ ಚೊಂಬು ತಂದು ಮುಂದಿಟ್ಟರು.

"ದಿನಾ ಒಂದು ಚೊಂಬು ಬರೀರಿ ಮೇಷ್ಟ್ರೇ. ಚೆನ್ನಾಗಿರಬೇಕು ಅಂತಿಲ್ಲ. ಬರೆದಿರಬೇಕು, ಅಷ್ಟೆ."

ಇಷ್ಟು ಸುಲಭದ ಕೆಲಸವೇ ಎಂದುಕೊಂಡು ಬಂದೆ. ಮನೆಗೆ ಬಂದವನಿಗೆ ನಮ್ಮ ಮನೆಯಲ್ಲಿರುವುದೆಲ್ಲ ಸ್ಟೀಲ್ ಚೊಂಬು ಎಂದು ಹೊಳೆಯಿತು. ಸ್ಟೀಲಿನ ಮೇಲೆ ಬೆಳಕು ವಿಪರೀತ ಹೊಳೆಯುತ್ತದೆ, ಕಲಿಯುವವರಿಗೆ ಅದು ಆಗಿಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಳ್ಳೆಯ ಪೆನ್ಸಿಲ್ಲೂ ಇರಲಿಲ್ಲ. ಅದಕ್ಕಾಗಿ ಹಾಸನಕ್ಕೆ ಹೋಗಿ ಎರಡು ಅಂಗಡಿ ಸುತ್ತಿ, ಗಟ್ಟಿಯದು, ಮೆತ್ತನೆಯದು, ತೀರಾ ಮೆತ್ತನೆಯದು ಎಂದು ಡಬ್ಬಿ ತುಂಬ ಪೆನ್ಸಿಲ್ಲು, ಹಿಟ್ಟಿನ ಹಾಗೆ ನಾದಬಹುದಾದ ರಬ್ಬರು, ದಪ್ಪ ಹಾಳೆಯ ಪುಸ್ತಕ ತಂದೆ. ಮೇಜನ್ನು ಪೂರ್ವದ ಕಿಟಕಿಗೆ ಎಳೆದೆ. ಬೆಳಿಗ್ಗೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದು ಉತ್ತರಕ್ಕೆ ಎಳೆದೆ. ಪ್ರತಿ ಸಂಜೆ ಬ್ಲೇಡು ಹಿಡಿದು ಪೆನ್ಸಿಲ್ಲು ಕೆತ್ತುತ್ತ, ಮೊಬೈಲಿನಲ್ಲಿ ಚಿತ್ರ ಕಲಿಸುವವರ ವಿಡಿಯೋ ನೋಡುತ್ತ ಕೂರುತ್ತಿದ್ದೆ. ಅವರು ಎಳೆಯುವ ಗೆರೆ ನೋಡಿದರೆ ನನಗೇ ಕಲಿತಷ್ಟು ತೃಪ್ತಿ.

ನನ್ನ ಹೆಂಡತಿ ಸವಿತಾ ಒಂದು ದಿನ ಕಸ ಗುಡಿಸುತ್ತ ಮೇಜಿನ ಕೆಳಗಿನ ಚಕ್ಕೆ ನೋಡಿದಳು. "ರೀ, ಪೆನ್ಸಿಲ್ ಕೆತ್ತೋ ಪರೀಕ್ಷೆ ಏನಾದ್ರೂ ಇದ್ರೆ ಕಟ್ಟಿ. ನಿಮ್ಗೇ ಫಸ್ಟ್ ಕ್ಲಾಸು."

ಅವಳ ತವರು ಚನ್ನರಾಯಪಟ್ಟಣದ ಕಡೆ, ನುಗ್ಗೇಹಳ್ಳಿ. ಮನೆಯಲ್ಲಿ ಕೂತರೆ ಉಮೇದು ಬರುವುದಿಲ್ಲ, ಅಲ್ಲಿಯ ದೇವಸ್ಥಾನದ ಶಿಲ್ಪಗಳ ಮುಂದೆ ಕೂತರೆ ತಾನಾಗಿ ಬರುತ್ತದೆ ಎಂದು ಅವಳ ಜೊತೆ ಹೊರಟೆ. ಪುಸ್ತಕ, ಡಬ್ಬಿ ಎಲ್ಲ ಹೊತ್ತು ಹೋಗಿ, ಶಿಲ್ಪದ ಎದುರು ಕೂತು, ಅದರ ಬಳೆ, ಸರ, ಬೆರಳು ನೋಡಿ ಎದೆ ಒಡೆಯಿತು. ಫೋಟೋ ತೆಗೆದುಕೊಂಡೆ. ಭಾವಮೈದುನ ಎಳನೀರು ಕೆಡವಿ ಕೊಟ್ಟ, ಕುಡಿದು ಮಲಗಿದೆ. ಹಾಳೆ ಖಾಲಿ ಹೋದದ್ದು ಖಾಲಿಯೇ ಬಂತು. ಭಾನುವಾರ ಹೊಳೆನರಸೀಪುರದಲ್ಲಿ ಮಕ್ಕಳು ವಾರದ ಚೊಂಬುಗಳನ್ನು ಮೇಷ್ಟ್ರ ಮುಂದೆ ಹರಡಿದಾಗ ನಾನು, "ಮನೆಯಲ್ಲಿ ಮರೆತು ಬಂದೆ ಸಾರ್" ಅಂದೆ. ಹೋಂವರ್ಕ್ ಮರೆತ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು ಅದೇ ಮಾತನ್ನು ಅದೇ ರಾಗದಲ್ಲಿ ಹೇಳಿದ್ದೆ.

ಇಷ್ಟೇ ಆಗಿದ್ದರೆ ನಗೆಯ ಸಂಗತಿ, ಬರೆಯುವಂಥದ್ದೇನಲ್ಲ. ಆದರೆ ಆ ಜುಲೈನಲ್ಲಿ ದೊಡ್ಡಮ್ಮನ ಮನೆಗೆ ಹೋದೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಎಂಬತ್ತು ದಾಟಿದವಳು. ಅವರ ಮನೆಯಲ್ಲಿ ಗಂಡುಮಕ್ಕಳಿಲ್ಲದ ಕಾರಣ ದೊಡ್ಡಪ್ಪನೇ ಮನೆ ಅಳಿಯನಾಗಿ ಬಂದಿದ್ದ. ಹೀಗಾಗಿ ರಾಮನಾಥಪುರದ ಹತ್ತಿರದ ಹಳ್ಳಿಯಲ್ಲಿ ತಾನು ಹುಟ್ಟಿದ ಮನೆಯಲ್ಲೇ ಅವಳು ಬಾಳಿದವಳು. ಈಗ ಮಗ ಮಂಜಣ್ಣ ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ಹೋದಾಗ ಬ್ಯಾರನ್ನಿನ ಮುಂದಿನ ತಗಡಿನ ಚಪ್ಪರದಲ್ಲಿ ಹೆಂಗಸರು ಸೊಪ್ಪು ಕಡ್ಡಿಗೆ ಕಟ್ಟುತ್ತಿದ್ದರು. ಬೇಡವೆಂದರೂ ಕೇಳದೆ ದೊಡ್ಡಮ್ಮನೂ ಕೂತಿದ್ದಳು. ಸೊಪ್ಪಿನ ಅಂಟು ಹತ್ತಿ ಅವಳ ಬೆರಳು ಕಪ್ಪಗಿದ್ದವು.

"ಲೇ ಕುಮಾರ, ನೀನು ಚಿತ್ರ ಬರಿಯಾದ್ ಕಲೀತಿದ್ದೀಯಂತೆ? ಮಂಜ ಏಳ್ದ."

"ಈಗಿನ್ನೂ ಶುರು ದೊಡ್ಡಮ್ಮ."

"ಅಂಗಾರೆ ನಮ್ಮ ತಾಯಕ್ಕನ್ನ ಒಂದ್ ಬರ್ಕೊಡ್ಲಾ."

ತಾಯಕ್ಕ ಎಂದರೆ ದೊಡ್ಡಮ್ಮನ ಅಕ್ಕ. ಮದುವೆಯಾಗುವ ಮೊದಲೇ, ಹದಿನಾರಕ್ಕೋ ಹದಿನೇಳಕ್ಕೋ ಜ್ವರ ಬಂದು ತೀರಿಕೊಂಡವಳು. ಅಮ್ಮ ಹುಟ್ಟಿದ್ದು ಆಮೇಲೆ. ಆಗ ಹಳ್ಳಿಗಳಲ್ಲಿ ಫೋಟೋ ತೆಗೆಸುವ ಮಾತೇ ಇರಲಿಲ್ಲ. ಪ್ರತಿ ವರ್ಷ ಪಿತೃಪಕ್ಷದ ಅಮಾವಾಸ್ಯೆಯಂದು ದೊಡ್ಡಮ್ಮನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಯಿಂದ ಇಳಿಸಿದ ಫೋಟೋಗಳನ್ನು ಸಾಲಾಗಿ ಜೋಡಿಸಿ, ಹೊಸ ಬಟ್ಟೆ ಇಟ್ಟು, ಬಾಡೂಟ, ಕಜ್ಜಾಯ ಬಡಿಸುತ್ತಾರೆ. ಆ ಸಾಲಿನ ಕೊನೆಯಲ್ಲಿ ತಾಯಕ್ಕನ ಬದಲು ಒಂದು ಚೊಂಬು, ಮೇಲೊಂದು ತೆಂಗಿನಕಾಯಿ, ಅದಕ್ಕೆ ಸುತ್ತಿದ ರವಿಕೆ ಬಟ್ಟೆ. ಚಿಕ್ಕಂದಿನಿಂದ ನೋಡಿದ್ದೆ, ಯಾಕೆ ಎಂದು ಕೇಳಿದವನಲ್ಲ.

"ಎಲ್ರುಗೂ ಮುಖ ಐತೆ" ಅಂದಳು ದೊಡ್ಡಮ್ಮ. "ಅಪ್ಪಂಗೈತೆ, ಅವ್ವಂಗೈತೆ, ನಿಮ್ ದೊಡ್ಡಪ್ಪಂಗೈತೆ. ಅವ್ಳಿಗ್ ಮಾತ್ರ ಚೊಂಬು. ಚೊಂಬಿನ್ ಮುಂದೆ ಕುಂತು ಉಣ್ಣಕ್ಕ ಅನ್ನಾಕೆ ಒಟ್ಟೆ ಉರೀತದೆ ಕಣ್ಲಾ. ಅವ್ಳನ್ನ ಕಂಡೋರು ಈಗ ನಾನೊಬ್ಳೇಯ. ನಾನ್ ಓಗ್ಬುಟ್ರೆ ಅವ್ಳ ಮುಖಾನೂ ನನ್ ಜತೇಲೇ ಓಯ್ತದೆ."

ಆಮೇಲೆ ಕೈಯಲ್ಲಿ ಸೊಪ್ಪು ಕಟ್ಟುತ್ತಲೇ ಅವಳು ತಾಯಕ್ಕನ ಮುಖ ಹೇಳಿದಳು. ಹಣೆ ಸಣ್ಣದು. ಎಡಗಣ್ಣು ಸ್ವಲ್ಪ ಮೆಳ್ಳೆ. "ಅದೇ ಚೆಂದ ಕಣ್ಲಾ ಅವ್ಳಿಗೆ, ಯಾರ್ ಎದ್ರುಗ್ ನಿಂತ್ರೂ ಇನ್ಯಾರ್ನೋ ನೋಡ್ತಿರಂಗ್ ಕಾಣಾಳು." ಬಲಹುಬ್ಬಿನ ನಡುವೆ ಹಸುವಿನ ಕೊಂಬು ತಗುಲಿದ ಗಾಯ, ಅಲ್ಲಿ ಕೂದಲು ಬೆಳೆದಿರಲಿಲ್ಲ. ಕಿವಿ ಅಗಲ, ಜಡೆ ಬಿಗಿದರೆ ಎರಡೂ ಕಡೆ ಎದ್ದು ನಿಲ್ಲುತ್ತಿದ್ದವು. ಮೇಲಿನ ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿತ್ತು, ಅದಕ್ಕೇ ನಗುವಾಗ ಬಾಯಿಗೆ ಕೈ ಅಡ್ಡ. ಹೇಳುತ್ತ ಹೇಳುತ್ತ ದೊಡ್ಡಮ್ಮ ತಾನೇ ಬಾಯಿಗೆ ಕೈ ಅಡ್ಡ ಹಿಡಿದು ತೋರಿಸಿದಳು. ತುಟಿಗೆ ಅಂಟು ಹತ್ತಿ ಥೂ ಎಂದು ಉಗುಳಿ ನಕ್ಕಳು. ಇನ್ನೂ ಏನೇನೋ ಹೇಳಿದಳು. ಮೂಗು ಯಾರದೋ ತರ, ಗದ್ದ ಯಾರದೋ ತರ ಎಂದು ನೆಂಟರ ಹೆಸರು ಹೇಳಿದಳು. ನಾನು ಹೂಂಗುಟ್ಟುತ್ತಿದ್ದೆ. ಇನ್ನೊಂದು ಸಲ ಸರಿಯಾಗಿ ಕೇಳಿಕೊಂಡರಾಯಿತು ಅನ್ನುವ ಧೈರ್ಯ.

"ಇಲ್ಲೇ ಕುಂತ್ಕಂಡು ಗೀಚು" ಅಂದಳು. "ನಾನು ನೋಡ್ತಾ ನೋಡ್ತಾ ಇಂಗಲ್ಲ ಅಂಗೆ ಅಂತೀನಿ. ತಪ್ಪಾದ್ರೆ ಅಳ್ಸು, ಇನ್ನೊಂದ್ ಗೀಚು. ಅದಕ್ಕೇನಂತೆ."

ನನ್ನ ಹೆಗಲಿನ ಚೀಲದಲ್ಲಿ ಪುಸ್ತಕವಿತ್ತು. ಚೂಪಾಗಿ ಕೆತ್ತಿದ ಪೆನ್ಸಿಲ್ಲುಗಳಿದ್ದವು. ಅಷ್ಟು ಜನ ಹೆಂಗಸರ ಮುಂದೆ ನನ್ನ ಬದನೆಕಾಯಿ ಬೀಳುತ್ತದಲ್ಲ ಎಂದು ಹೆದರಿ, "ಇವತ್ತು ಬೇಡ ದೊಡ್ಡಮ್ಮ, ಕೈ ಇನ್ನೂ ಕುದುರಬೇಕು" ಅಂದೆ.

"ಆಯ್ತು. ಮಾರ್ನಮಿ ಅಮಾಸೆ ಒತ್ಗೆ ಕೊಡು ಮತ್ತೆ."

"ಖಂಡಿತ ದೊಡ್ಡಮ್ಮ" ಅಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿತ್ತು, ನನಗೂ ಹುರುಪು ತುಂಬಿತ್ತು. ದೊಡ್ಡಮ್ಮನಿಗೆ ಅಕ್ಕನ ಮುಖ ಮರಳಿಸಿ ಕೊಡುವ ಕೆಲಸ ಎಂದು ನೆನೆದೇ ಕಣ್ಣು ಒದ್ದೆಯಾಯಿತು. ಆ ಕಣ್ಣೀರಿನಲ್ಲೇ ಅರ್ಧ ಕೆಲಸ ಮುಗಿದ ಹಾಗಾಯಿತು ಅಂತ ಈಗ ಅನ್ನಿಸುತ್ತದೆ. ಮನೆಗೆ ಬಂದು ಪೆನ್ಸಿಲ್ಲು ಮುಟ್ಟಲಿಲ್ಲ.

ಇಷ್ಟು ದೊಡ್ಡ ಕೆಲಸವನ್ನು ಕೆಟ್ಟ ಕೈಯಿಂದ ಶುರುಮಾಡಬಾರದು, ಮೊದಲು ಮುಖ ಬರೆಯುವುದನ್ನು ಸರಿಯಾಗಿ ಕಲಿಯಬೇಕು ಅನ್ನುವುದು ನನ್ನ ವಾದ. ಮುಖ ಕಲಿಯಲು ಮೊದಲು ಕಣ್ಣು, ಕಣ್ಣಿಗೆ ಮೊದಲು ನೆರಳು ಬೆಳಕು, ಅದಕ್ಕೆ ಮೊದಲು ಚೊಂಬು. ಚೊಂಬು ಬರೆದಿಲ್ಲವಾದ್ದರಿಂದ ಯಾವುದೂ ಶುರುವಾಗುವಂತಿಲ್ಲ. ಭಾನುವಾರದ ತರಗತಿಗೂ ಚಕ್ಕರ್ ಹೊಡೆಯತೊಡಗಿದೆ. ಆಗಸ್ಟಿನಲ್ಲಿ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಕಿರುಪರೀಕ್ಷೆ ಎಂದು ಸ್ಕೂಲಿನಲ್ಲಿ ಸಿಕ್ಕಿದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡೆ. ಇಷ್ಟು ಶ್ರದ್ಧೆಯ ಮೇಷ್ಟ್ರು ತಾಲ್ಲೂಕಿನಲ್ಲಿಲ್ಲ ಎಂದು ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಹೊಗಳಿದರು.

ನಡುನಡುವೆ ಮಂಜಣ್ಣನ ಫೋನು. "ಅವ್ವ ಕೇಳ್ತಾವ್ಳೆ ಕಣಪ್ಪ, ಎಲ್ಲಿಗ್ ಬಂತು ಅಂತ."

"ಮುಖದ ಆಕಾರ ಬಂದಿದೆ ಅನ್ನು."

ಇನ್ನೊಂದು ಸಲ, "ಕಣ್ಣೊಂದು ಬಾಕಿ ಇದೆ ಅನ್ನು." ಅವನು ಅದನ್ನು ಜೋರಾಗಿ ಅವಳಿಗೆ ಹೇಳುವುದು, ಅವಳು ಆ ಕಡೆಯಿಂದ, "ಮೆಳ್ಳೆಗಣ್ಣು ಮರೀಬ್ಯಾಡ ಅನ್ಲಾ" ಅನ್ನುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಒಮ್ಮೆ ಅವಳೇ ಫೋನು ಕಿತ್ತುಕೊಂಡು, "ಒಂದ್ ದಪ ಬಂದೋಗು, ಇನ್ನೊಂದೀಟು ಗ್ಯಾಪ್ನ ಬಂತು, ಏಳ್ತೀನಿ" ಅಂದಳು. ಹೋಗಲಿಲ್ಲ. ಹೋದರೆ ತೋರಿಸು ಅನ್ನುತ್ತಾಳಲ್ಲ. ಆ ದಿನ ಅವಳಿಗೆ ಏನು ನೆನಪಾಗಿತ್ತೋ, ಅದನ್ನು ನಾನು ಕೊನೆಗೂ ಕೇಳಲಿಲ್ಲ.

ಅಮಾವಾಸ್ಯೆಗೆ ವಾರವಿದೆ ಅನ್ನುವಾಗ ಒಂದು ಸಂಜೆ ಕೂತೇಬಿಟ್ಟೆ. ಮೊಟ್ಟೆಯಾಕಾರದ ಒಂದು ಮುಖ, ಎರಡು ಕಣ್ಣು. ಎಡಗಣ್ಣನ್ನು ಮೆಳ್ಳೆ ಮಾಡಲು ಹೋದೆ. ಹಾಳೆಯಿಂದ ದೃಷ್ಟಿಬೊಂಬೆಯೊಂದು ನನ್ನನ್ನು ದಿಟ್ಟಿಸಿತು. ಸವಿತಾ ಹಿಂದಿನಿಂದ ಬಂದವಳು ಹಾಳೆ ನೋಡಿ ಒಳಗೆ ಹೋದಳು. ಅವಳು ನಕ್ಕಿದ್ದರೆ ಚೆನ್ನಾಗಿತ್ತು. ಹಾಳೆ ಹರಿದೆ. ಎರಡನೆಯದಕ್ಕೆ ಕೈ ಹಾಕಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ರಜೆ ಹಾಕಿ ಮನೆಗೆ ಬಂದೆ. ನಮ್ಮ ಸ್ಕೂಲಿನ ಮಕ್ಕಳು ತೋರಿಸಿಕೊಟ್ಟಿದ್ದ ಒಂದು ಆ್ಯಪ್ ಮೊಬೈಲಿನಲ್ಲಿತ್ತು. ಏನು ಬೇಕೆಂದು ಬರೆದರೆ ಚಿತ್ರ ಮಾಡಿಕೊಡುತ್ತದೆ. ಹಳೆಯ ಕಾಲದ ಹಳ್ಳಿ ಹುಡುಗಿ, ಜಡೆ, ಕಪ್ಪು ಬಿಳುಪು ಎಂದು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಗಿ ಬಂದಳು. ದುಂಡು ಮುಖ, ಅಗಲವಾದ ಕಣ್ಣು, ತಿದ್ದಿದ ಹುಬ್ಬು, ಮುತ್ತು ಜೋಡಿಸಿದ ಹಲ್ಲು. ಮೆಳ್ಳೆಗಣ್ಣು ಎಂದು ಸೇರಿಸಿ ನೋಡಿದೆ, ಅದು ಇನ್ನೊಬ್ಬ ಚೆಲುವೆಯನ್ನು ಕೊಟ್ಟಿತು. ಸಾಕೆಂದು ಮೊದಲಿನವಳನ್ನೇ ಅರಕಲಗೂಡಿನ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಕಿಟಕಿ ಗಾಜಿಗೆ ಅಂಟಿಸಿ, ಅದರ ಮೇಲೆ ನನ್ನ ದಪ್ಪ ಹಾಳೆ ಹಿಡಿದು ಗೆರೆಯ ಮೇಲೆ ಗೆರೆ ಎಳೆದೆ. ಹತ್ತಿಯಿಂದ ಉಜ್ಜಿ ನೆರಳು ಮಾಡಿದೆ. ಉತ್ತರದ ಕಿಟಕಿ ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು. ಸಂಜೆ ಅಂಗಡಿ ಮುಚ್ಚುವುದರೊಳಗೆ ಗಾಜು ಹಾಕಿಸಿ ಕಟ್ಟು ಹಾಕಿಸಿದೆ. ಕಟ್ಟು ಹಾಕುವವನು ಚಿತ್ರ ನೋಡಿ, "ನೀವೇ ಬರ್ದಿದ್ದಾ ಸಾ?" ಎಂದು ಬಾಯಿ ತೆರೆದ. ಹೂಂ ಅಂದೆ.

ಮರುದಿನ ದೊಡ್ಡಮ್ಮನ ಮನೆಯ ತುಂಬ ನೆಂಟರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಹೊರಗೆ ಬ್ಯಾರನ್ನು ಉರಿಯುತ್ತಿತ್ತು. ನಾನು ಪೇಪರು ಬಿಚ್ಚಿ ಚಿತ್ರ ಹೊರತೆಗೆದಾಗ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಹೋದಳು. ಬಹಳ ಹೊತ್ತು ನೋಡಿದಳು.

"ಇಷ್ಟ್ ಚೆಂದಾಗಿದ್ಲೇನ್ಲಾ ನಮ್ಮಕ್ಕ?" ಅಂದಳು.

ಅವಳು ಗಾಜಿನ ಮೇಲೆ, ಹುಡುಗಿಯ ಎಡಗಣ್ಣಿನ ಹತ್ತಿರ, ಬೆರಳು ಇಟ್ಟು, "ಈ ಕಣ್ಣು…" ಎಂದು ನಿಲ್ಲಿಸಿದಳು.

"ಅವ್ವ, ಮೇಷ್ಟ್ರು ಬರ್ದವ್ನೆ, ತಪ್ಪಾಗಿರ್ತದಾ?" ಅಂದ ಮಂಜಣ್ಣ. "ನಿಂಗೇ ವಯಸ್ಸಾಗಿ ಮರ್ತೋಗೈತೆ."

ದೊಡ್ಡಮ್ಮ ನನ್ನ ಮುಖ ನೋಡಿದಳು. ಕೇಳುವ ನೋಟ ಅದು. ಇಲ್ಲ ದೊಡ್ಡಮ್ಮ, ನಿನ್ನ ನೆನಪೇ ಸರಿ, ಇದು ತಪ್ಪು ಎಂದು ಹೇಳಲು ಇದ್ದದ್ದು ಆ ಒಂದು ಗಳಿಗೆ. ಇಡೀ ಮನೆ ನನ್ನನ್ನು ನೋಡುತ್ತಿತ್ತು. ನಾನು ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ನೋಡಿಕೊಂಡು ನಿಂತೆ.

"ಇರ್ಬೋದು ಬುಡು" ಅಂದಳು. "ಎಷ್ಟೊಂದ್ ವರ್ಸಾತು. ನಾನೇ ಮರ್ತಿದ್ದೀನಿ ಅಂತ ಕಾಣ್ತದೆ."

ಚೊಂಬು ಒಳಗೆ ಹೋಯಿತು. ಆ ಜಾಗದಲ್ಲಿ ನನ್ನ ಚಿತ್ರ ಕೂತಿತು. ದೊಡ್ಡಮ್ಮ ಅದರ ಮುಂದೆ ಎಲೆ ಹಾಕಿ, ತಾನೇ ಬಡಿಸಿ, "ತಗಳಕ್ಕ, ಉಣ್ಣು" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಸುತ್ತ ನಿಂತವರೂ ಕಣ್ಣೊರೆಸಿಕೊಂಡರು. ಯಾರೂ ಹೆತ್ತಿರದ, ಎಲ್ಲೂ ಹುಟ್ಟಿರದ ಒಂದು ಮುಖಕ್ಕೆ ಆ ಮುದುಕಿ ಕೈಮುಗಿಯುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಹೊಗಳಿಕೆ ಕೇಳಿಸಿಕೊಳ್ಳುತ್ತಿದ್ದೆ. ಇಷ್ಟು ಹೀನ ಕೆಲಸ ನಾನು ಅದಕ್ಕೂ ಮೊದಲು ಮಾಡಿರಲಿಲ್ಲ.

ಚಿತ್ರದ ಫೋಟೋ ಎಲ್ಲರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ, ಊರೂರಿನ ಗ್ರೂಪುಗಳಲ್ಲಿ ಓಡಾಡಿತು. ಮುಂದಿನ ಭಾನುವಾರ ಹೊಳೆನರಸೀಪುರಕ್ಕೆ ಹೋದಾಗ ಜಗಲಿಯ ಮಕ್ಕಳು ಅದನ್ನು ಮೇಷ್ಟ್ರಿಗೆ ತೋರಿಸಿದರು. ಅವರು ಕನ್ನಡಕ ಏರಿಸಿ, ಬೆರಳಲ್ಲಿ ಹಿಗ್ಗಿಸಿ ನೋಡಿ, ಮೊಬೈಲು ವಾಪಸು ಕೊಟ್ಟರು. ಒಳಗೆ ಹೋಗಿ ಹಿತ್ತಾಳೆ ಚೊಂಬು ತಂದು ನನ್ನ ಮುಂದಿಟ್ಟು, "ಬರೀರಿ" ಅಂದರು. ಮಕ್ಕಳೆಲ್ಲ ನೋಡುತ್ತಿದ್ದರು. ನಾನು ಬರೆದೆ. ಚೊಂಬು ಒಂದು ಕಡೆ ಊದಿಕೊಂಡು, ಬಾಯಿ ಸೊಟ್ಟಗಾಗಿ, ನೆಲವಿಲ್ಲದೆ ತೇಲುತ್ತಿತ್ತು. ಒಂದು ಹುಡುಗಿ ಕಿಸಕ್ಕನೆ ನಕ್ಕಳು. ಮೇಷ್ಟ್ರು ಮಾತ್ರ ಹಾಳೆಯ ಕೆಳಗೆ ರುಜು ಹಾಕಿ, "ಇದು ನಿಮ್ಮದು" ಅಂದರು.

ಚಿತ್ರ ಕಲಿಯಲು ಉಮೇದು ಎಲ್ಲಿಂದ ಬರುತ್ತದೆ ಎಂದು ಈಚೆಗೆ ಒಬ್ಬರು ಕೇಳಿದರು. ನನಗೆ ಬರಲೇ ಇಲ್ಲ. ನಾಚಿಕೆ ಬಂತು, ಅದರಲ್ಲೇ ಕಲಿತೆ. ಆ ದಿನದಿಂದ ಒಳ್ಳೆಯ ಹಾಳೆ ಮುಟ್ಟಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ, ಅಳಿಸಲಾಗದ ಹಾಗೆ ಬಾಲ್‌ಪೆನ್ನಿನಲ್ಲಿ ಬರೆದೆ. ಹಲ್ಲುಜ್ಜಿ ಕಾಫಿ ಬರುವಷ್ಟರಲ್ಲಿ ಸ್ಟೀಲ್ ಚೊಂಬು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಿವಿ, ಕತ್ತು, ತುರುಬು. ಹಿಂದಿನಿಂದ ನೋಡಿದರೆ ನಮ್ಮ ರೂಟಿನ ಅರ್ಧ ಜನರನ್ನು ಈಗಲೂ ಗುರುತು ಹಿಡಿಯಬಲ್ಲೆ. ಬರೆಯಲು ಮನಸ್ಸಿಲ್ಲದ ದಿನಗಳೇ ಹೆಚ್ಚು. ಅಂಥ ದಿನ ದೊಡ್ಡಮ್ಮ ಗಾಜಿನ ಮೇಲೆ ಬೆರಳಿಟ್ಟು "ಈ ಕಣ್ಣು" ಅಂದದ್ದು ನೆನಪಾಗುತ್ತಿತ್ತು, ಕೈ ತಾನಾಗಿ ಪೆನ್ನಿಗೆ ಹೋಗುತ್ತಿತ್ತು. ಬೇಸಿಗೆಯ ಹೊತ್ತಿಗೆ ಸವಿತಾ ತಲೆ ಬಾಚಿಕೊಳ್ಳುತ್ತಿದ್ದಾಗ ಬರೆದ ಒಂದು ಚಿತ್ರ ನೋಡಿ, "ಮೂಗು ನಂದೇ ಕಣ್ರೀ" ಎಂದು ಅವಳು ಆಶ್ಚರ್ಯಪಟ್ಟಳು. ಎಂಟನೇ ತರಗತಿಯ ಬೋರ್ಡಿನ ಮೇಲೆ ಹೃದಯ ಹೃದಯದ ಹಾಗೇ ಬಂತು, ಯಾರೂ ನಗಲಿಲ್ಲ.

ಮುಂದಿನ ಮಳೆಗಾಲದಲ್ಲಿ, ಬ್ಯಾರನ್ನುಗಳಿಗೆ ಉರಿ ಬೀಳುವ ಹೊತ್ತಿಗೆ, ನಾನು ಪೆನ್ಸಿಲ್ಲು ಹಿಡಿದು ದೊಡ್ಡಮ್ಮನ ಮುಂದೆ ಕೂತೆ. ಅದೇ ಚಪ್ಪರ, ಅದೇ ಸೊಪ್ಪಿನ ರಾಶಿ. ಅವಳು ಸ್ವಲ್ಪ ಇಳಿದಿದ್ದಳು. ನನ್ನ ಚಿತ್ರ ನಡುಮನೆಯಲ್ಲಿ ದೇವರ ಗೂಡಿನ ಪಕ್ಕ ತೂಗುತ್ತಿತ್ತು. ದಿನಾ ಬೆಳಿಗ್ಗೆ ಅವಳು ಅದಕ್ಕೆ ಹೂವು ಮುಡಿಸಿ ಮಾತಾಡಿಸುತ್ತಾಳೆ ಎಂದು ಮಂಜಣ್ಣ ಹೇಳಿದ.

"ದೊಡ್ಡಮ್ಮ, ತಾಯಕ್ಕನ ಮುಖ ಇನ್ನೊಂದು ಸಲ ಹೇಳು. ನೀನು ಹೇಳ್ತಾ ಹೋಗು, ನಾನು ಇಲ್ಲೇ ಬರೀತೀನಿ."

"ಇನ್ನೊಂದ್ ಯಾಕ್ಲಾ? ಒಂದೈತಲ್ಲ." ಆದರೂ ಹೇಳುವುದು ಅವಳಿಗೆ ಇಷ್ಟ. "ಮುಖ ದುಂಡುಗೆ. ಕಣ್ಣು ಅಗ್ಲ. ಉಬ್ಬು ತಿದ್ದಿದಂಗೆ ಇತ್ತು. ಅಲ್ಲು ನೋಡ್ಬೇಕಿತ್ತು ನೀನು, ಮುತ್ತು ಜೋಡ್ಸಿದಂಗೆ."

"ಎಡಗಣ್ಣು ಮೆಳ್ಳೆ ಅಂದಿದ್ದೆಯಲ್ಲ ದೊಡ್ಡಮ್ಮ?"

"ಯಾರಿಗೆ, ನಮ್ಮಕ್ಕಂಗಾ? ನಿಂಗ್ಯಾರ್ಲಾ ಏಳಿದ್ದು?"

"ಹುಬ್ಬಿನ ಮೇಲೆ ಹಸು ತಿವಿದ ಗಾಯ?"

ಅವಳು ತಲೆ ಅಲ್ಲಾಡಿಸಿದಳು. ಅವಳ ಕೈ ಬಾಯಿಯ ಹತ್ತಿರ ಹೋಗುತ್ತದೆಯೇನೋ ಎಂದು ಕಾದೆ. ಹೋಗಲಿಲ್ಲ, ಸೊಪ್ಪು ಕಟ್ಟುತ್ತಲೇ ಇತ್ತು. ಆಗ ನನಗೆ ಪೂರ್ತಿ ತಿಳಿಯಿತು. ಒಂದು ವರ್ಷ ದಿನಾ ಕಣ್ಣೆದುರಿಗಿದ್ದ ಚಿತ್ರ ಅವಳೊಳಗಿನ ಮುಖವನ್ನು ಒರೆಸಿ ಹಾಕಿತ್ತು. ಅಷ್ಟೊಂದು ವರ್ಷ ಯಾರ ಸಹಾಯವೂ ಇಲ್ಲದೆ ಕಾಪಾಡಿಕೊಂಡು ಬಂದಿದ್ದಳು. ನನ್ನ ಕೈಗೆ ಕೊಟ್ಟಳು, ನಾನು ಕಳೆದೆ. ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಅದು ನಾನು ಬರೆದದ್ದಲ್ಲ, ಮೊಬೈಲಿನಲ್ಲಿ ಬಂದದ್ದು, ಅದು ತಾಯಕ್ಕ ಅಲ್ಲವೇ ಅಲ್ಲ ಅಂದೆ.

ದೊಡ್ಡಮ್ಮ ಗಾಬರಿಯಾಗಲಿಲ್ಲ. "ಫೋನ್ನಾಗೆ ಬಂದ್ರೇನ್ಲಾ, ಮುಖ ಅವ್ಳ್ದೇ ಅಲ್ವಾ" ಅಂದಳು. "ನಂಗ್ ಗೊತ್ತಾಗಕಿಲ್ವಾ ನಮ್ಮಕ್ಕ ಯಾರು ಅಂತ? ಅದಕ್ಯಾಕ್ ಅಳ್ತೀಯ, ಎದ್ದೇಳು, ಕಾಪಿ ಕುಡಿ."

ಆಮೇಲಿನ ದಿನಗಳಲ್ಲಿ ನಾನು ತಾಯಕ್ಕನನ್ನು ಬರೆದೆ. ಅಂದು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡದ್ದರಲ್ಲಿ ನನ್ನ ಬಳಿ ಉಳಿದದ್ದು ಕೆಲವೇ ಸಂಗತಿ. ಮೂಗು ಯಾರ ತರ, ಗದ್ದ ಯಾರ ತರ ಅಂದಿದ್ದಳೋ ಅದು ಹೋಗಿತ್ತು. ಅಮ್ಮನ ಮೂಗು ಇಟ್ಟು ನೋಡಿದೆ, ದೊಡ್ಡಮ್ಮನ ಗದ್ದ ಇಟ್ಟು ನೋಡಿದೆ. ಬರೆದೆ, ಕೆಟ್ಟಿತು, ಮತ್ತೆ ಬರೆದೆ. ಮೆಳ್ಳೆಗಣ್ಣು ದೃಷ್ಟಿಬೊಂಬೆಯಾಗದೆ ಹುಡುಗಿಯ ಕಣ್ಣಾಗುವವರೆಗೆ ಬಿಡಲಿಲ್ಲ. ಎದ್ದು ನಿಂತ ಕಿವಿ, ಹುಬ್ಬಿನ ಬೋಳು ಗೆರೆ, ನಗು ತಡೆಯಲಾಗದೆ ಬಾಯಿಗೆ ಅಡ್ಡ ಬಂದ ಕೈ. ಒಳ್ಳೆಯ ಹಾಳೆಯಲ್ಲಿ ನಾನೇ ಶುರುಮಾಡಿ ಮುಗಿಸಿದ ಮೊದಲ ಚಿತ್ರ ಅದು. ಹೊಳೆನರಸೀಪುರದ ಮೇಷ್ಟ್ರು ಅದನ್ನು ನೋಡಿ ತಲೆದೂಗಿದರು.

ಅಮಾವಾಸ್ಯೆಗೆ ಮೊದಲು ಅದಕ್ಕೂ ಗಾಜಿನ ಕಟ್ಟು ಹಾಕಿಸಿ ದೊಡ್ಡಮ್ಮನ ಕೈಗೆ ಕೊಟ್ಟೆ. ಅವಳು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಇದ್ಯಾರ್ಲಾ?" ಅಂದಳು.

"ನೋಡು ದೊಡ್ಡಮ್ಮ. ನಮ್ಮ ಮನೆಯವಳೇ."

"ನಮ್ಮನೇಲಿ ಯಾರ್ಗೂ ಮೆಳ್ಳೆಗಣ್ಣಿಲ್ವಲ್ಲ." ಮತ್ತೆ ನೋಡಿದಳು, ಸೆರಗಿನಿಂದ ಗಾಜು ಒರೆಸಿದಳು. "ಪಾಪ, ಎಷ್ಟು ಲಕ್ಷಣವಾಗವ್ಳೆ. ನಗ್ತಾವ್ಳೆ ನೋಡು. ಚೆಂದಾಗ್ ಬರ್ದಿದ್ದೀಯ ಕಣ್ಲಾ ಈ ಸಲ."

ಚಿತ್ರವನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಯಾರ ಮನೆ ಮಗೀನೋ ಏನೋ. ಅಮಾಸೆ ಒಳಗೆ ಅವ್ರ ಮನೆಗೆ ಕೊಟ್ಬುಡು. ಅವ್ರೂ ಎಡೆ ಇಕ್ಬೇಕಲ್ಲ."

"ಆಗಲಿ ದೊಡ್ಡಮ್ಮ" ಅಂದೆ.